ಎರಡನೆಯ ಮೈಲಿಯ ಹೆಸರಿನಲ್ಲಿ: ಸ್ಯಾಂಡಸ್ಕಿ ಪ್ರಕರಣ ಮತ್ತು ನಮ್ಮ ಹೊಣೆ



ಒಂದು ಮೈಲಿ ನಡೆಯಬೇಕಾದ ಕಡೆ ಎರಡನೆಯ ಮೈಲಿಯನ್ನೂ ನಡೆಯುವ ಉದಾರ ಮನಸ್ಸಿನ ಬಗ್ಗೆ ಯೇಸುಸ್ವಾಮಿಯವರು ಪರ್ವತ ಪ್ರಸಂಗದಲ್ಲಿ ಬೋಧಿಸಿದ್ದನ್ನು ನಾವೆಲ್ಲರೂ ಬಲ್ಲೆವು (ಮತ್ತಾಯ 5:41). ಆ ಬೋಧನೆಯನ್ನೇ ನೆನಪಿಸುವ 'ದಿ ಸೆಕೆಂಡ್ ಮೈಲ್' ಎಂಬ ಹೆಸರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಒಂದು ಮಕ್ಕಳ ಸೇವಾ ಸಂಸ್ಥೆಯಿತ್ತು. ಅದರ ಸ್ಥಾಪಕನೇ ಆ ಸಂಸ್ಥೆಯ ಮೂಲಕ ಪರಿಚಯವಾದ ಬಾಲಕರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದನೆಂದು 2012ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಮಕ್ಕಳ ನಡುವೆ ಸೇವೆ ಮಾಡುವ ಧರ್ಮಗುರುಗಳು, ಧರ್ಮಭಗಿನಿಯರು, ಶಿಕ್ಷಕರು, ಯುವ ಸಂಘಟನೆಗಳ ಮುಖಂಡರು ಮತ್ತು ಹೆತ್ತವರು ಈ ಪ್ರಕರಣವನ್ನು ತಿಳಿದಿರಬೇಕೆಂಬ ಉದ್ದೇಶದಿಂದ ಅದರ ಮುಖ್ಯ ವಿವರಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಯಾರು ಈ ಸ್ಯಾಂಡಸ್ಕಿ?

ಜೆರ್ರಿ ಸ್ಯಾಂಡಸ್ಕಿ ಜನಿಸಿದ್ದು 1944ರಲ್ಲಿ. ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾನಿಲಯದ, ಅಂದರೆ ಪೆನ್ ಸ್ಟೇಟ್‌ನ, ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆಡಿ, 1969ರಿಂದ 1999ರ ತನಕ ಅದೇ ತಂಡದ ಸಹಾಯಕ ತರಬೇತುದಾರನಾಗಿದ್ದ. ತಂಡದ ಮುಖ್ಯ ತರಬೇತುದಾರರು ಜೋ ಪಟರ್ನೊ. ಆ ಊರಿನಲ್ಲಿ ಪಟರ್ನೊ ಅವರಿಗಿದ್ದ ಗೌರವ ಅಷ್ಟಿಷ್ಟಲ್ಲ. ವಿಶ್ವವಿದ್ಯಾನಿಲಯದ ಆವರಣದಲ್ಲಿ ಅವರ ಪ್ರತಿಮೆಯೇ ನಿಂತಿತ್ತು. ಅವರ ಬಲಗೈಯಂತಿದ್ದ ಸ್ಯಾಂಡಸ್ಕಿಯೂ ಆ ಗೌರವದಲ್ಲಿ ಪಾಲುಗಾರನಾದ.

1977ರಲ್ಲಿ ಆತ 'ದಿ ಸೆಕೆಂಡ್ ಮೈಲ್' ಸ್ಥಾಪಿಸಿದ. ಸಂಕಷ್ಟದಲ್ಲಿರುವ ಬಾಲಕರಿಗೆ ಆಶ್ರಯ ಕೊಡುವ ಮನೆಯಾಗಿ ಆರಂಭವಾದ ಅದು ಕ್ರಮೇಣ ರಾಜ್ಯದಾದ್ಯಂತ ಶಿಬಿರಗಳನ್ನು ನಡೆಸುವ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. 1990ರಲ್ಲಿ ಅಂದಿನ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ಅವರು ಅದನ್ನು ಮೆಚ್ಚಿ ಗೌರವಿಸಿದರು. ತಂದೆಯ ಆಸರೆಯಿಲ್ಲದ, ಬಡತನದಲ್ಲಿ ಬೆಳೆಯುತ್ತಿದ್ದ ಹುಡುಗರಿಗೆ ಇಂಥವರ ಸ್ನೇಹ ದೊರೆತದ್ದು ಭಾಗ್ಯವೆಂದೇ ತಾಯಂದಿರು ನಂಬಿದ್ದರು.

ನಂಬಿಕೆಯನ್ನು ಗಳಿಸಿದ ಬಗೆ

ವಿಚಾರಣೆಯಲ್ಲಿ ಯುವಕರು ಹೇಳಿದ ಸಾಕ್ಷ್ಯಗಳು ಬಹುಮಟ್ಟಿಗೆ ಒಂದೇ ದಾರಿಯನ್ನು ತೋರಿಸಿದವು. ಮೊದಲು ಶಿಬಿರದಲ್ಲಿ ಪರಿಚಯ. ಆಮೇಲೆ ಉಡುಗೊರೆಗಳು, ಪಂದ್ಯದ ಟಿಕೆಟ್, ಆಟದ ಸಾಮಗ್ರಿ, ಪ್ರಸಿದ್ಧ ಆಟಗಾರರ ಭೇಟಿ. ನಂತರ ಮನೆಗೆ ಆಹ್ವಾನ, ರಾತ್ರಿ ತಂಗುವುದು, ವ್ಯಾಯಾಮದ ಬಳಿಕ ಜತೆಯಲ್ಲಿ ಸ್ನಾನ. ಆಟದಂತೆ ಆರಂಭವಾದ ಸ್ಪರ್ಶ ಹಂತ ಹಂತವಾಗಿ ದೌರ್ಜನ್ಯವಾಯಿತು. ಮಗುವಿಗೆ ಅದು ತಪ್ಪೆಂದು ಅನಿಸುವ ಹೊತ್ತಿಗೆ ಉಪಕಾರದ ಭಾರ ಅದರ ಬಾಯಿ ಕಟ್ಟಿರುತ್ತಿತ್ತು. ದೂರಿತ್ತರೆ ಯಾರೂ ನಂಬಲಾರರು ಎಂಬ ಭಯ ಬೇರೆ. ಆತ ಮಕ್ಕಳನ್ನು ಮಾತ್ರವಲ್ಲ, ಮಕ್ಕಳ ಸುತ್ತಲಿದ್ದ ಹಿರಿಯರನ್ನೂ ಒಲಿಸಿಕೊಂಡಿದ್ದ ಎಂಬುದನ್ನು ನಾವು ಗಮನಿಸಬೇಕು.

ತಪ್ಪಿಹೋದ ಅವಕಾಶಗಳು

1998ರಲ್ಲಿ ಹನ್ನೊಂದು ವರ್ಷದ ಬಾಲಕನ ತಾಯಿ, ತನ್ನ ಮಗನ ತಲೆಗೂದಲು ಒದ್ದೆಯಾಗಿರುವುದನ್ನು ಕಂಡು ಪ್ರಶ್ನಿಸಿದರು. ಸ್ಯಾಂಡಸ್ಕಿ ಆತನೊಂದಿಗೆ ಸ್ನಾನ ಮಾಡಿದ್ದು ತಿಳಿದಾಗ ವಿಶ್ವವಿದ್ಯಾನಿಲಯದ ಪೊಲೀಸರಿಗೆ ದೂರಿತ್ತರು. ತನಿಖೆ ನಡೆಯಿತಾದರೂ ಜಿಲ್ಲಾ ಸರಕಾರಿ ವಕೀಲರು ಮೊಕದ್ದಮೆ ಹೂಡಲಿಲ್ಲ. ಮರುವರ್ಷ ಸ್ಯಾಂಡಸ್ಕಿ ನಿವೃತ್ತನಾದ. ಆದರೆ ಕ್ರೀಡಾ ಕಟ್ಟಡಗಳಿಗೆ ಪ್ರವೇಶ ಮುಂದುವರಿಯಿತು.

2000ದಲ್ಲಿ ಸ್ವಚ್ಛತಾ ಕಾರ್ಮಿಕರೊಬ್ಬರು ಸ್ನಾನಗೃಹದಲ್ಲಿ ದೌರ್ಜನ್ಯವನ್ನು ಕಣ್ಣಾರೆ ಕಂಡು ನಡುಗಿಹೋದರು. ಸಹೋದ್ಯೋಗಿಗಳಿಗೆ ಹೇಳಿದರು. ಆದರೆ ಕೆಲಸ ಹೋದೀತೆಂಬ ಹೆದರಿಕೆಯಿಂದ ಯಾರೂ ದೂರು ಕೊಡಲಿಲ್ಲ.

2001ರ ಫೆಬ್ರವರಿಯಲ್ಲಿ ತಂಡದ ಕಿರಿಯ ಸಹಾಯಕ ಮೈಕ್ ಮೆಕ್ವೆರಿ ಅಂಥದೇ ದೃಶ್ಯವನ್ನು ಕಂಡು ಮರುದಿನ ಪಟರ್ನೊ ಅವರಿಗೆ ತಿಳಿಸಿದರು. ಪಟರ್ನೊ ಕ್ರೀಡಾ ನಿರ್ದೇಶಕ ಟಿಮ್ ಕರ್ಲಿಗೆ ಹೇಳಿದರು. ವಿಷಯ ಉಪಾಧ್ಯಕ್ಷ ಗ್ಯಾರಿ ಶುಲ್ಟ್ಸ್ ಹಾಗೂ ಅಧ್ಯಕ್ಷ ಗ್ರಹಾಂ ಸ್ಪೇನಿಯರ್ ಅವರವರೆಗೂ ಹೋಯಿತು. ಮಕ್ಕಳ ಕಲ್ಯಾಣ ಇಲಾಖೆಗೆ ತಿಳಿಸುವ ಆಲೋಚನೆ ಮೊದಲು ಇತ್ತು. ಬಳಿಕ ಅದನ್ನು ಕೈಬಿಡಲಾಯಿತು. ಸ್ಯಾಂಡಸ್ಕಿಯೊಡನೆ ಮಾತನಾಡಿ, ಮಕ್ಕಳನ್ನು ಆವರಣಕ್ಕೆ ಕರೆತರಬಾರದೆಂದು ಹೇಳಿ, ಆತನ ಸೇವಾ ಸಂಸ್ಥೆಗೆ ವಿಷಯ ತಿಳಿಸಿ ಸುಮ್ಮನಾದರು. ಪೊಲೀಸರಿಗೆ ಹೇಳಲಿಲ್ಲ. ಆ ಬಾಲಕ ಯಾರೆಂದು ಹುಡುಕುವ ಪ್ರಯತ್ನವನ್ನೂ ಮಾಡಲಿಲ್ಲ.

ನಮ್ಮನ್ನು ಹೆಚ್ಚು ಕಾಡುವ ಸಂಗತಿಯಿದು. ಪ್ರತಿಯೊಬ್ಬರೂ ತಮ್ಮ ಮೇಲಿನವರಿಗೆ ತಿಳಿಸಿ ತಮ್ಮ ಕೆಲಸ ಮುಗಿಯಿತೆಂದುಕೊಂಡರು. 2001ರ ನಂತರವೂ ಇತರ ಬಾಲಕರು ದೌರ್ಜನ್ಯಕ್ಕೆ ಗುರಿಯಾದರು.

ಬೆಳಕಿಗೆ ಬಂದದ್ದು

2008ರಲ್ಲಿ ಇನ್ನೊಬ್ಬ ಬಾಲಕ ಮತ್ತು ಅವನ ತಾಯಿ ಧೈರ್ಯದಿಂದ ಮಾತನಾಡಿದರು. ವಿಷಯ ಮಕ್ಕಳ ಕಲ್ಯಾಣ ಅಧಿಕಾರಿಗಳಿಗೆ ತಲುಪಿ, ಗ್ರ್ಯಾಂಡ್ ಜ್ಯೂರಿ ತನಿಖೆ ಆರಂಭವಾಯಿತು. 2011ರ ಮಾರ್ಚ್‌ನಲ್ಲಿ 'ದಿ ಪೇಟ್ರಿಯಟ್-ನ್ಯೂಸ್' ಪತ್ರಿಕೆಯ ಯುವ ವರದಿಗಾರ್ತಿ ಸಾರಾ ಗ್ಯಾನಿಂ ಈ ತನಿಖೆಯ ಸುದ್ದಿಯನ್ನು ಹೊರಗೆಡವಿದರು. 2012ರಲ್ಲಿ ಅವರಿಗೂ ಅವರ ಬಳಗಕ್ಕೂ ಪುಲಿಟ್ಜರ್ ಪ್ರಶಸ್ತಿ ಬಂತು.

2011ರ ನವೆಂಬರ್ 5ರಂದು ಸ್ಯಾಂಡಸ್ಕಿಯನ್ನು ಬಂಧಿಸಲಾಯಿತು. ನವೆಂಬರ್ 9ರಂದು ಪಟರ್ನೊ ಅವರನ್ನು ಕೆಲಸದಿಂದ ತೆಗೆದಾಗ ವಿದ್ಯಾರ್ಥಿಗಳು ಬೀದಿಗಿಳಿದು ಟಿವಿ ವಾಹನವೊಂದನ್ನು ಮಗುಚಿಹಾಕಿದರು. ಆ ರಾತ್ರಿ ಬೀದಿಯಲ್ಲಿ ಕೇಳಿಬಂದದ್ದು ತರಬೇತುದಾರರ ಹೆಸರು, ಮಕ್ಕಳ ನೋವಲ್ಲ. ಪಟರ್ನೊ ಅವರ ಮೇಲೆ ಯಾವುದೇ ಮೊಕದ್ದಮೆ ದಾಖಲಾಗಲಿಲ್ಲ. 2012ರ ಜನವರಿಯಲ್ಲಿ ಅವರು ನಿಧನರಾದರು.

2012ರ ಜೂನ್ 22ರಂದು ಬೆಲ್‌ಫಾಂಟ್ ಪಟ್ಟಣದ ನ್ಯಾಯಾಲಯದಲ್ಲಿ, ಹತ್ತು ಬಾಲಕರಿಗೆ ಸಂಬಂಧಿಸಿದ 48 ಆರೋಪಗಳ ಪೈಕಿ 45ರಲ್ಲಿ ಸ್ಯಾಂಡಸ್ಕಿ ತಪ್ಪಿತಸ್ಥನೆಂದು ಜ್ಯೂರಿ ಘೋಷಿಸಿತು. ಎಂಟು ಮಂದಿ ಯುವಕರು ಎದುರು ನಿಂತು ಸಾಕ್ಷ್ಯ ನುಡಿದಿದ್ದರು. ಅಕ್ಟೋಬರ್ 9ರಂದು 30ರಿಂದ 60 ವರ್ಷಗಳ ಸೆರೆವಾಸ ವಿಧಿಸಲಾಯಿತು. ಕಾನೂನಿನ ಕಾರಣದಿಂದ 2019ರಲ್ಲಿ ಶಿಕ್ಷೆಯನ್ನು ಮತ್ತೆ ನಿಗದಿಪಡಿಸಬೇಕಾಗಿ ಬಂದಾಗಲೂ ಅಷ್ಟೇ ಶಿಕ್ಷೆ ಉಳಿಯಿತು. ಆತ ಮಾತ್ರ ತಾನು ನಿರ್ದೋಷಿಯೆಂದೇ ಹೇಳುತ್ತ ಬಂದಿದ್ದಾನೆ.

ವಿಶ್ವವಿದ್ಯಾನಿಲಯ ನೇಮಿಸಿದ ಲೂಯಿ ಫ್ರೀ ಅವರ ವರದಿ 2012ರ ಜುಲೈಯಲ್ಲಿ ಹೊರಬಂದು, ಹಿರಿಯ ಅಧಿಕಾರಿಗಳು ಮಕ್ಕಳ ಕ್ಷೇಮವನ್ನು ಕಡೆಗಣಿಸಿದರೆಂದು ಹೇಳಿತು. ಪಟರ್ನೊ ಕುಟುಂಬ ಅದನ್ನು ಒಪ್ಪಲಿಲ್ಲ. ಅದೇ ತಿಂಗಳು ಕ್ರೀಡಾ ಮಂಡಳಿ 6 ಕೋಟಿ ಡಾಲರ್ ದಂಡ ವಿಧಿಸಿತು. 2013ರಲ್ಲಿ ವಿಶ್ವವಿದ್ಯಾನಿಲಯ 26 ಮಂದಿಗೆ ಸುಮಾರು 6 ಕೋಟಿ ಡಾಲರ್ ಪರಿಹಾರ ನೀಡಲು ಒಪ್ಪಿತು. ಮುಂದೆ ಈ ಮೊತ್ತ ಇನ್ನೂ ಏರಿತು. 2017ರಲ್ಲಿ ಕರ್ಲಿ ಮತ್ತು ಶುಲ್ಟ್ಸ್ ಮಕ್ಕಳನ್ನು ಅಪಾಯಕ್ಕೆ ಒಡ್ಡಿದ ತಪ್ಪನ್ನು ಒಪ್ಪಿಕೊಂಡರು. ಸ್ಪೇನಿಯರ್ ವಿರುದ್ಧ ಜ್ಯೂರಿ ತೀರ್ಪಿತ್ತಿತು. ದೀರ್ಘ ಮೇಲ್ಮನವಿಗಳ ನಂತರ 2021ರಲ್ಲಿ ಅವರೂ ಸೆರೆಮನೆ ಸೇರಿದರು. 'ದಿ ಸೆಕೆಂಡ್ ಮೈಲ್' ಬಾಗಿಲು ಮುಚ್ಚಿತು.

ನಮ್ಮ ಮನೆಯ ಮಾತು

ಇದನ್ನು ಬರೆಯುವಾಗ ಬೇರೆಯವರ ಕಡೆಗಷ್ಟೇ ಬೆರಳು ತೋರಿಸುವ ಹಕ್ಕು ನಮಗಿಲ್ಲ. ಅದೇ ಪೆನ್ಸಿಲ್ವೇನಿಯದಲ್ಲಿ 2018ರ ಆಗಸ್ಟ್ 14ರಂದು ಪ್ರಕಟವಾದ ಇನ್ನೊಂದು ಗ್ರ್ಯಾಂಡ್ ಜ್ಯೂರಿ ವರದಿ ಆರು ಕಥೋಲಿಕ ಧರ್ಮಪ್ರಾಂತ್ಯಗಳ ಕುರಿತಾದುದು. 300ಕ್ಕೂ ಹೆಚ್ಚು ಧರ್ಮಗುರುಗಳ ಮೇಲಿನ ಆರೋಪಗಳನ್ನೂ, ಸಾವಿರಕ್ಕೂ ಹೆಚ್ಚು ಸಂತ್ರಸ್ತರನ್ನೂ ಅದು ದಾಖಲಿಸಿತು. ಅಲ್ಲಿಯೂ ಸಂಸ್ಥೆಯ ಹೆಸರು ಉಳಿಸಲು ಮಕ್ಕಳನ್ನು ಮರೆಯಲಾಗಿತ್ತು. ಪೋಪ್ ಫ್ರಾನ್ಸಿಸ್ ಅವರು 2019ರಲ್ಲಿ ಹೊರಡಿಸಿ 2023ರಲ್ಲಿ ಖಾಯಂಗೊಳಿಸಿದ 'ವೋಸ್ ಎಸ್ಟಿಸ್ ಲುಕ್ಸ್ ಮುಂದಿ' ಎಂಬ ಕಟ್ಟಳೆಯ ಪ್ರಕಾರ ಇಂಥ ವಿಷಯ ತಿಳಿದ ಗುರುಗಳೂ ಧಾರ್ಮಿಕರೂ ಧರ್ಮಸಭೆಯ ಅಧಿಕಾರಿಗಳಿಗೆ ವರದಿ ಮಾಡಲೇಬೇಕು. ಇದರಿಂದ ದೇಶದ ಕಾನೂನಿನ ಹೊಣೆ ತಪ್ಪುವುದಿಲ್ಲ.

ಭಾರತದ ಕಾನೂನು ಏನು ಹೇಳುತ್ತದೆ?

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯಿದೆ 18 ವರ್ಷದೊಳಗಿನ ಎಲ್ಲ ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಅನ್ವಯಿಸುತ್ತದೆ.

- ಕಲಂ 19ರ ಪ್ರಕಾರ ದೌರ್ಜನ್ಯ ನಡೆದಿದೆ ಅಥವಾ ನಡೆಯಬಹುದೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸದುದ್ದೇಶದಿಂದ ತಿಳಿಸಿದವರ ಮೇಲೆ ಕ್ರಮವಿಲ್ಲ.
- ಕಲಂ 21ರ ಪ್ರಕಾರ ತಿಳಿಸದಿದ್ದವರಿಗೆ ಆರು ತಿಂಗಳವರೆಗೆ ಸಜೆಯಾಗಬಹುದು. ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸಜೆ ಮತ್ತು ದಂಡವಿದೆ.
- ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಮಾಧ್ಯಮದಲ್ಲಿ ಪ್ರಕಟಿಸುವಂತಿಲ್ಲ.
- 2020ರ ನಿಯಮಾವಳಿಯಂತೆ ಶಾಲೆ, ಕ್ರೀಡಾ ಅಕಾಡೆಮಿ ಮುಂತಾದ ಕಡೆ ಮಕ್ಕಳೊಡನೆ ಕೆಲಸ ಮಾಡುವ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ನಡೆಯಬೇಕು.

ಧರ್ಮಕೇಂದ್ರಗಳಲ್ಲಿ ಮಾಡಬೇಕಾದುದು

ನಮ್ಮಲ್ಲಿಯೂ ಬೇಸಿಗೆ ಶಿಬಿರಗಳಿವೆ. ವೇದಿ ಸೇವಕರು, ಗಾಯನ ಮಂಡಳಿ, ವಿದ್ಯಾರ್ಥಿ ನಿಲಯ, ವಾಲಿಬಾಲ್ ಮತ್ತು ಕ್ರಿಕೆಟ್ ತಂಡಗಳಿವೆ. ಬಹುತೇಕ ಎಲ್ಲೆಡೆ ಒಳ್ಳೆಯವರೇ ದುಡಿಯುತ್ತಿದ್ದಾರೆ. ನಿಯಮಗಳು ಅವರ ಮೇಲಿನ ಅನುಮಾನವಲ್ಲ, ಅವರಿಗೂ ರಕ್ಷಣೆ.

ಒಬ್ಬ ಹಿರಿಯರು ಒಂದು ಮಗುವಿನೊಂದಿಗೆ ಮುಚ್ಚಿದ ಬಾಗಿಲಿನೊಳಗೆ ಇರುವಂತಾಗಬಾರದು. ಪ್ರವಾಸ ಮತ್ತು ರಾತ್ರಿ ವಾಸ್ತವ್ಯದಲ್ಲಿ ಕನಿಷ್ಠ ಇಬ್ಬರು ಜವಾಬ್ದಾರರಿರಲಿ. ಹಿರಿಯರಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಸ್ನಾನಗೃಹವಿರಲಿ. ಒಂದೇ ಮಗುವಿಗೆ ಪದೇ ಪದೇ ಉಡುಗೊರೆ ಕೊಡುವವರು ಯಾರೇ ಆಗಲಿ, ಹೆತ್ತವರು ಸಂಕೋಚವಿಲ್ಲದೆ ವಿಚಾರಿಸಲಿ.

ಮಗು ಏನಾದರೂ ಹೇಳಿದರೆ ಶಾಂತವಾಗಿ ಕೇಳಿರಿ. ಗದರಿಸಬೇಡಿ, ಕೆದಕಿ ಕೆದಕಿ ಪ್ರಶ್ನಿಸಬೇಡಿ, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ. ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ ಎಂದು ಧೈರ್ಯ ತುಂಬಿರಿ. ಆರೋಪಿಯನ್ನು ಕರೆಸಿ ಮುಖಾಮುಖಿ ಮಾಡಿಸುವುದು, ಎರಡು ಮನೆಯವರನ್ನು ಕೂರಿಸಿ ರಾಜಿ ಮಾಡಿಸುವುದು ಸಲ್ಲದು. ವಾಳೆಯಲ್ಲಿ ಸುದ್ದಿ ಹಬ್ಬಿಸುವುದೂ ಸಲ್ಲದು. ಅದು ಮಗುವಿಗೂ ಅನ್ಯಾಯ, ಆರೋಪಿಗೂ ಅನ್ಯಾಯ. ಪೊಲೀಸರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ನೇರವಾಗಿ ತಿಳಿಸಿರಿ. ವಿಗಾರರಿಗೋ ಮುಖ್ಯೋಪಾಧ್ಯಾಯರಿಗೋ ಹೇಳಿದ್ದೇನೆ ಎಂಬಲ್ಲಿಗೆ ನಿಮ್ಮ ಹೊಣೆ ಮುಗಿಯುವುದಿಲ್ಲ.

ಪೆನ್ ಸ್ಟೇಟ್‌ನಲ್ಲಿ 1998ರಲ್ಲಿ ದೂರಿತ್ತ ತಾಯಿಗೆ ದೊಡ್ಡ ಅಧಿಕಾರವಿರಲಿಲ್ಲ. ಮಗನ ಒದ್ದೆ ಕೂದಲನ್ನು ಗಮನಿಸಿದರು, ಕೇಳಿದರು, ದೂರು ಕೊಟ್ಟರು. ಅಷ್ಟನ್ನು ನಾವೂ ಮಾಡಬಲ್ಲೆವು. ಚರ್ಚ್ ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆತ್ತಿಕೊಂಡು, ನಿಮ್ಮ ಧರ್ಮಕೇಂದ್ರದಲ್ಲಿ ದೂರು ಸ್ವೀಕರಿಸುವವರು ಯಾರೆಂಬುದನ್ನು ನಿರ್ಧರಿಸಿ, 1098 ಸಂಖ್ಯೆಯನ್ನು ಮಕ್ಕಳಿಗೆ ಕಾಣುವಂತೆ ಸೂಚನಾ ಫಲಕದಲ್ಲಿ ಹಾಕಬೇಕೆಂದು ವಿನಂತಿಸುತ್ತೇವೆ.