ವಾಡಿಯ ಕುಲುಮೆ: ಕಾಣುವ ಧೂಳು, ಕಾಣದ ಆವಿ

ವಾಡಿ ಮೊದಲು ರೈಲಿನ ಊರು. ಮುಂಬೈ–ಮದರಾಸು ಮಾರ್ಗದ ಈ ನಿಲ್ದಾಣಕ್ಕೆ 1874ರಲ್ಲಿ ಸಿಕಂದರಾಬಾದಿನಿಂದ ನಿಜಾಮರ ಹಳಿ ಬಂದು ಕೂಡಿತು. ನೆಲದಡಿ ಸುಣ್ಣದಕಲ್ಲು ಹೇರಳವಾಗಿದ್ದ ಈ ಸೀಮೆಗೆ ಹಳಿಯ ಹಿಂದೆಯೇ ಸಿಮೆಂಟೂ ಬಂತು. ನೆರೆಯ ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿಯಲ್ಲಿ ಲೀನವಾಯಿತು. 1968ರಲ್ಲಿ ಎಸಿಸಿ ವಾಡಿಯಲ್ಲೇ ಕಾರ್ಖಾನೆ ತೆರೆಯಿತು. ಮುಂದೆ ಮಳಖೇಡ, ಸೇಡಂ ಕಡೆಗೂ ಚಿಮಣಿಗಳೆದ್ದವು.

ಸಿಮೆಂಟ್ ಊರಿನ ಜನರಿಗೆ ಮಾಲಿನ್ಯವೆಂದರೆ ಧೂಳು. ಅದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಜಗಳಕ್ಕೂ ಸಿಗುತ್ತದೆ. ಅದನ್ನು ತಡೆಯಲು ಬಟ್ಟೆ ಚೀಲದ ಶೋಧಕಗಳೂ ವಿದ್ಯುತ್ ಶೋಧಕಗಳೂ ಇವೆ. ಆದರೆ ಆವಿ ಚೀಲದಲ್ಲಿ ನಿಲ್ಲುವುದಿಲ್ಲ.

ಬೆನ್ಜೀನ್, ಟೊಲ್ಯೀನ್‌ನಂತಹ ವಸ್ತುಗಳು ಸಾಮಾನ್ಯ ಬಿಸಿಲಿಗೇ ಆವಿಯಾಗುತ್ತವೆ. ಇವಕ್ಕೆ ಬಾಷ್ಪಶೀಲ ಸಾವಯವ ಸಂಯುಕ್ತಗಳೆಂದು ಹೆಸರು. ಹೊಸ ಬಣ್ಣದ, ಪೆಟ್ರೋಲಿನ ವಾಸನೆ ಇವುಗಳದ್ದೇ. ಬೆನ್ಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಸಿಮೆಂಟ್ ಕಾರ್ಖಾನೆಯಲ್ಲಿ ಇವು ಹುಟ್ಟುವುದು ಮುಖ್ಯವಾಗಿ ಎರಡು ಕಡೆ. ಒಂದು, ಕಲ್ಲು ಮಣ್ಣಿನಲ್ಲೇ ಅಡಗಿರುವ ಸಾವಯವ ಅಂಶ. ಇನ್ನೊಂದು, ಕಲ್ಲಿದ್ದಲಿನ ಬದಲು ಉರಿಸಲು ತರುವ ಬಣ್ಣ, ಔಷಧ, ರಾಸಾಯನಿಕ ಕಾರ್ಖಾನೆಗಳ ತ್ಯಾಜ್ಯ. ಅದನ್ನು ಹದಗೊಳಿಸುವ ಘಟಕವನ್ನು ಎಸಿಸಿ ವಾಡಿಯಲ್ಲೂ ಸ್ಥಾಪಿಸಿತು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಈ ಪದ್ಧತಿಗೆ ಮನ್ನಣೆ ಕೊಟ್ಟಿವೆ.

ಇದರಲ್ಲಿ ಅರ್ಥವಿಲ್ಲದಿಲ್ಲ. ಕುಲುಮೆಯೊಳಗೆ ಕಲ್ಲು ಸುಮಾರು 1450 ಡಿಗ್ರಿಗೆ ಕಾಯುತ್ತದೆ, ಜ್ವಾಲೆ 2000ದ ಹತ್ತಿರ ಇರುತ್ತದೆ. ಅಲ್ಲಿ ಬಿದ್ದ ದ್ರಾವಕ ಸುಟ್ಟು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗುತ್ತದೆ. ಬಯಲಿಗೆ ಸುರಿಯುವುದಕ್ಕಿಂತ ಇದು ಮೇಲು. ಆದರೆ ಎಲ್ಲಿ ಹಾಕುತ್ತೇವೆ ಎಂಬುದೇ ಮುಖ್ಯ. ಅದೇ ತ್ಯಾಜ್ಯವನ್ನು ಕಲ್ಲಿನ ಪುಡಿಯೊಂದಿಗೆ ಬೆರೆಸಿ ಮೇಲಿನ ಪೂರ್ವತಾಪಕಕ್ಕೆ ಹಾಕಿದರೆ ಕೆಲವು ನೂರು ಡಿಗ್ರಿಯಲ್ಲೇ ಆವಿಯಾಗಿ, ಬೆಂಕಿಯನ್ನು ಕಾಣದೆ ಚಿಮಣಿಯಿಂದ ಹೊರಟುಹೋಗುತ್ತದೆ. ಪೀಪಾಯಿ ತೆರೆದು ಬೆರೆಸುವ ಕಡೆಯೂ ಆವಿ ಏಳುತ್ತದೆ. ಅದನ್ನು ಮೊದಲು ಉಸಿರಾಡುವವನು ಅಲ್ಲಿನ ಕೂಲಿಕಾರ. ಮುಚ್ಚಿದ ಶೆಡ್ಡಿನಿಂದ ಗಾಳಿ ಹೀರಿ ಕುಲುಮೆಗೇ ಕಳಿಸುವುದು, ಇಲ್ಲವೇ ಸಕ್ರಿಯ ಇದ್ದಿಲಿನಲ್ಲಿ ಹಾಯಿಸುವುದು ಇದಕ್ಕಿರುವ ಉಪಾಯ.

ತ್ಯಾಜ್ಯ ಉರಿಸುವ ಸಿಮೆಂಟ್ ಕುಲುಮೆಗಳ ಹೊಗೆಯಲ್ಲಿ ಒಟ್ಟು ಸಾವಯವ ಇಂಗಾಲ ಘನ ಮೀಟರಿಗೆ 10 ಮಿಲಿಗ್ರಾಂ ಮೀರಬಾರದೆಂದು 2016ರಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿತು. ಧೂಳನ್ನು ನಾವು ಕಣ್ಣಿನಿಂದ ಅಳೆದೆವು. ಆವಿಯನ್ನು ಅಳೆಯಲು ಈ ಅಂಕಿ ನಮ್ಮ ಕೈಯಲ್ಲಿದೆ. ಗ್ರಾಮಸಭೆಯಲ್ಲಿ, ಸಾರ್ವಜನಿಕ ಅಹವಾಲಿನಲ್ಲಿ ಅದನ್ನು ಕೇಳಿ ಪಡೆಯುವುದು ಊರಿನ ಹಕ್ಕು.