ಅಮೆರಿಕದ ದಕ್ಷಿಣ ರಾಜ್ಯಗಳ 19ನೇ ಶತಮಾನದ ರೈತ ಪೂರ್ವಜರ ದಾಖಲೆ ಶೋಧನೆ: ಅರ್ಜಿದಾರರಿಗೆ ಮಾಹಿತಿ

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ರಾಜ್ಯಗಳಲ್ಲಿ 19ನೇ ಶತಮಾನದಲ್ಲಿ ಬೇಸಾಯ ಮಾಡಿಕೊಂಡಿದ್ದ ಪೂರ್ವಜರ ವಿವರ ಪಡೆಯಲು ಇಚ್ಛಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ರೈತನೊಬ್ಬನ ಸಂಪೂರ್ಣ ವಿವರವುಳ್ಳ ಒಂದೇ ದಾಖಲೆ ಎಲ್ಲಿಯೂ ಇರುವುದಿಲ್ಲ. ಪೂರ್ವಜನು ಭೂಮಾಲೀಕನೇ, ಗೇಣಿದಾರನೇ ಅಥವಾ ಗುಲಾಮಗಿರಿಯಲ್ಲಿದ್ದು ದುಡಿದವನೇ ಎಂಬುದನ್ನು ಅನುಸರಿಸಿ ಪರಿಶೀಲಿಸಬೇಕಾದ ದಾಖಲೆಗಳು ಬೇರೆಬೇರೆಯಾಗುತ್ತವೆ. ಆದುದರಿಂದ ಅರ್ಜಿ ಸಲ್ಲಿಸುವ ಮುನ್ನ ಈ ಅಂಶವನ್ನು ಸಾಧ್ಯವಾದಷ್ಟು ಖಚಿತಪಡಿಸಿಕೊಳ್ಳುವುದು ಸೂಕ್ತ.

1. ಆರಂಭಿಕ ಹಂತ

ಶೋಧನೆಯನ್ನು ಇತ್ತೀಚಿನ ತಲೆಮಾರಿನಿಂದ ಆರಂಭಿಸಿ ಹಿಂದಕ್ಕೆ ಸಾಗತಕ್ಕದ್ದು. ದಕ್ಷಿಣದ ಬಹುತೇಕ ರಾಜ್ಯಗಳಲ್ಲಿ ಜನನ ಮರಣಗಳ ರಾಜ್ಯವ್ಯಾಪಿ ನೋಂದಣಿಯು 20ನೇ ಶತಮಾನದಲ್ಲಿ ಮಾತ್ರ ಜಾರಿಗೆ ಬಂದಿತು. ಉದಾಹರಣೆಗೆ, ನಾರ್ತ್ ಕೆರೊಲಿನಾದಲ್ಲಿ 1913ರಲ್ಲಿಯೂ ಸೌತ್ ಕೆರೊಲಿನಾದಲ್ಲಿ 1915ರಲ್ಲಿಯೂ ಆರಂಭವಾಯಿತು. ಆದಾಗ್ಯೂ, ನಂತರ ತೀರಿಕೊಂಡ ಮಕ್ಕಳ ಮರಣ ಪ್ರಮಾಣಪತ್ರಗಳಲ್ಲಿ ತಂದೆ ತಾಯಿಯ ಹೆಸರು ನಮೂದಾಗಿರುವ ಸಂಭವವಿರುವುದರಿಂದ ಅವುಗಳನ್ನು ಮೊದಲು ಪಡೆಯುವುದು ಉಪಯುಕ್ತ.

2. ಜನಗಣತಿ ದಾಖಲೆಗಳು

ಜನಗಣತಿಯನ್ನು ಹತ್ತು ವರ್ಷಗಳಿಗೊಮ್ಮೆ ನಡೆಸಲಾಗಿದೆ. 1840ರವರೆಗಿನ ಗಣತಿಗಳಲ್ಲಿ ಕುಟುಂಬದ ಮುಖ್ಯಸ್ಥರ ಹೆಸರು ಮಾತ್ರ ದೊರೆಯುತ್ತದೆ. 1850ರಿಂದ ಸ್ವತಂತ್ರ ವ್ಯಕ್ತಿಗಳೆಲ್ಲರ ಹೆಸರನ್ನೂ, 1880ರಿಂದ ಮುಖ್ಯಸ್ಥರೊಂದಿಗೆ ಅವರಿಗಿದ್ದ ಸಂಬಂಧವನ್ನೂ ನಮೂದಿಸಲಾಗಿದೆ. 1890ರ ಗಣತಿಯ ಬಹುಪಾಲು ಹಾಳೆಗಳು 1921ರಲ್ಲಿ ವಾಷಿಂಗ್‌ಟನ್‌ನಲ್ಲಿ ಸಂಭವಿಸಿದ ಬೆಂಕಿ ಅನಾಹುತದ ಪರಿಣಾಮವಾಗಿ ನಷ್ಟವಾಗಿವೆ. ಈ 20 ವರ್ಷಗಳ ಅಂತರವನ್ನು ಕೌಂಟಿಯ ತೆರಿಗೆ ಪಟ್ಟಿಗಳಿಂದ ತುಂಬಿಕೊಳ್ಳಬೇಕಾಗುತ್ತದೆ.

3. ಕೃಷಿ ಗಣತಿ ಪಟ್ಟಿಗಳು

1850, 1860, 1870 ಮತ್ತು 1880ರಲ್ಲಿ ಪ್ರತ್ಯೇಕ ಕೃಷಿ ಪಟ್ಟಿಗಳನ್ನು ತಯಾರಿಸಲಾಯಿತು. ಇವುಗಳಲ್ಲಿ ಸಾಗುವಳಿಯಾದ ಹಾಗೂ ಸಾಗುವಳಿಯಾಗದ ಎಕರೆಗಳು, ಜಮೀನಿನ ಮೌಲ್ಯ, ಕುದುರೆ, ಹೇಸರಗತ್ತೆ, ಹಂದಿಗಳ ಸಂಖ್ಯೆ, ಮುಸುಕಿನ ಜೋಳ, ಗೆಣಸು, ಹೊಗೆಸೊಪ್ಪು ಮತ್ತು ಹತ್ತಿಯ ಇಳುವರಿ ದೊರೆಯುತ್ತವೆ. 1850 ಮತ್ತು 1860ರಲ್ಲಿ ವಾರ್ಷಿಕ 100 ಡಾಲರ್‌ಗಿಂತ ಕಡಿಮೆ ಉತ್ಪನ್ನವಿದ್ದ ಹಿಡುವಳಿಗಳನ್ನು ಕೈಬಿಡಲಾಗಿತ್ತು. ಆದುದರಿಂದ ಈ ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಪೂರ್ವಜನು ರೈತನಾಗಿರಲಿಲ್ಲವೆಂದು ತೀರ್ಮಾನಿಸುವಂತಿಲ್ಲ. 1880ರ ಪಟ್ಟಿಯಲ್ಲಿ ರೈತನು ಮಾಲೀಕನೇ, ನಗದು ಗೇಣಿದಾರನೇ ಅಥವಾ ಬೆಳೆಯ ಪಾಲಿಗೆ ಬೇಸಾಯ ಮಾಡುವವನೇ ಎಂಬುದೂ ತಿಳಿದುಬರುತ್ತದೆ.

4. ಭೂ ದಾಖಲೆಗಳು

(ಅ) ಅಲಬಾಮಾ, ಅರ್ಕಾನ್ಸಾ, ಫ್ಲಾರಿಡಾ, ಲೂಸಿಯಾನಾ ಮತ್ತು ಮಿಸಿಸಿಪಿ ರಾಜ್ಯಗಳಲ್ಲಿ ಸಾರ್ವಜನಿಕ ಭೂಮಿಯನ್ನು ಕೇಂದ್ರ ಸರ್ಕಾರವು ವಿತರಿಸಿತು. 1866ರ ದಕ್ಷಿಣ ಹೋಮ್‌ಸ್ಟೆಡ್ ಕಾಯ್ದೆಯು ಈ ಐದು ರಾಜ್ಯಗಳಿಗೆ ಅನ್ವಯಿಸುತ್ತಿದ್ದು, 1876ರಲ್ಲಿ ರದ್ದಾಯಿತು. ಮಂಜೂರಾತಿ ಪತ್ರದ ಜೊತೆಗೆ ಮೂಲ ಕಡತದ ಪ್ರತಿಯನ್ನೂ ರಾಷ್ಟ್ರೀಯ ಪತ್ರಾಗಾರದಿಂದ ಕೋರುವುದು. ವಾಸ ಮತ್ತು ಸಾಗುವಳಿಯ ಬಗ್ಗೆ ನೆರೆಹೊರೆಯವರು ನೀಡಿದ ಸಾಕ್ಷ್ಯಗಳು ಹೋಮ್‌ಸ್ಟೆಡ್ ಕಡತಗಳಲ್ಲಿರುತ್ತವೆ.

(ಆ) ವರ್ಜೀನಿಯಾ, ಎರಡೂ ಕೆರೊಲಿನಾಗಳು, ಜಾರ್ಜಿಯಾ, ಟೆನೆಸಿ, ಕೆಂಟಕಿ ಮತ್ತು ಟೆಕ್ಸಾಸ್‌ಗಳಲ್ಲಿ ಭೂಮಿಯನ್ನು ಆಯಾ ರಾಜ್ಯವೇ ಮಂಜೂರು ಮಾಡಿತ್ತು. ಈ ದಾಖಲೆಗಳಿಗಾಗಿ ಸಂಬಂಧಿಸಿದ ರಾಜ್ಯವನ್ನೇ ಸಂಪರ್ಕಿಸತಕ್ಕದ್ದು.

(ಇ) ನಂತರದ ಕ್ರಯಪತ್ರಗಳು, ಉಯಿಲುಗಳು ಮತ್ತು ಮೃತರ ಆಸ್ತಿ ಪಟ್ಟಿಗಳು ಸಾಮಾನ್ಯವಾಗಿ ಕೌಂಟಿ ನ್ಯಾಯಾಲಯದಲ್ಲಿರುತ್ತವೆ. ಸ್ವಂತ ಭೂಮಿಯಿಲ್ಲದವರ ಹೆಸರು ಕ್ರಯಪತ್ರಗಳಲ್ಲಿ ಸಿಗದಿದ್ದರೂ, ಬೆಳೆ ಅಥವಾ ಜಾನುವಾರು ಒತ್ತೆಯಿಟ್ಟು ಸಾಲ ಪಡೆದ ಅಡಮಾನ ಪುಸ್ತಕಗಳಲ್ಲಿ ದೊರೆಯಬಹುದು.

5. ಗುಲಾಮಗಿರಿಯಲ್ಲಿದ್ದ ಪೂರ್ವಜರು

1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಮಾಲೀಕರ ಹೆಸರಿನ ಕೆಳಗೆ ಗುಲಾಮರ ವಯಸ್ಸು, ಲಿಂಗ ಮತ್ತು ವರ್ಣವನ್ನು ಮಾತ್ರ ಬರೆಯಲಾಗಿದ್ದು, ಬಹುತೇಕ ಎಲ್ಲಿಯೂ ಅವರ ಹೆಸರಿಲ್ಲ. ಇವರಲ್ಲಿ ಹೆಚ್ಚಿನವರ ಹೆಸರು ಜನಗಣತಿಯಲ್ಲಿ ಮೊದಲಿಗೆ ಕಾಣಿಸಿಕೊಳ್ಳುವುದು 1870ರಲ್ಲಿ. ಅದಕ್ಕೂ ಹಿಂದಿನ ವಿವರಗಳಿಗೆ ಈ ಕೆಳಕಂಡ ದಾಖಲೆಗಳನ್ನು ಪರಿಶೀಲಿಸುವುದು:

- 1865ರಿಂದ 1872ರವರೆಗಿನ ಫ್ರೀಡ್‌ಮೆನ್ಸ್ ಬ್ಯೂರೊ ಕಡತಗಳು. ಜಮೀನು ಮಾಲೀಕರೊಂದಿಗೆ ಮಾಡಿಕೊಂಡ ಕೂಲಿ ಕರಾರುಗಳು ಇವುಗಳಲ್ಲಿವೆ.
- 1865ರಿಂದ 1874ರವರೆಗೆ ನಡೆದ ಫ್ರೀಡ್‌ಮನ್ಸ್ ಬ್ಯಾಂಕಿನ ಠೇವಣಿದಾರರ ವಹಿಗಳು. ಹಲವು ನಮೂದುಗಳಲ್ಲಿ ಕುಟುಂಬದ ಸದಸ್ಯರ ಹೆಸರುಗಳಿವೆ.
- ಅಂತರ್ಯುದ್ಧದಲ್ಲಿ ಕೇಂದ್ರ ಸೇನೆಯ ಕರಿಯ ಸೈನಿಕರ ಪಡೆಗಳಲ್ಲಿ ಸೇವೆ ಸಲ್ಲಿಸಿದವರ ಹಾಗೂ ಅವರ ವಿಧವೆಯರ ಪಿಂಚಣಿ ಕಡತಗಳು.
- ಹಿಂದಿನ ಮಾಲೀಕರ ಉಯಿಲು ಮತ್ತು ಆಸ್ತಿ ಪಟ್ಟಿಗಳು. ಇವುಗಳಲ್ಲಿ ದನಕರು, ನೇಗಿಲುಗಳ ಜೊತೆಯಲ್ಲಿಯೇ ಮನುಷ್ಯರ ಹೆಸರನ್ನೂ ಬರೆದು ಬೆಲೆ ಕಟ್ಟಲಾಗಿದೆ. ಹಲವು ಕುಟುಂಬಗಳಿಗೆ ಪೂರ್ವಜರ ಹೆಸರು ದೊರೆಯುವ ಏಕೈಕ ಸ್ಥಳ ಇದೇ ಆಗಿರುತ್ತದೆ.

ಮುಕ್ತರಾದವರೆಲ್ಲರೂ ಕೊನೆಯ ಮಾಲೀಕರ ಕುಲನಾಮವನ್ನೇ ಇಟ್ಟುಕೊಂಡರೆಂದು ಭಾವಿಸಬಾರದು.

6. ಯುದ್ಧಾನಂತರದ ಇತರೆ ಕಡತಗಳು

ಕೇಂದ್ರ ಸರ್ಕಾರಕ್ಕೆ ನಿಷ್ಠರಾಗಿದ್ದು, ಅದರ ಸೇನೆಯು ದವಸ, ಕುದುರೆ ಮುಂತಾದವುಗಳನ್ನು ತೆಗೆದುಕೊಂಡಿದ್ದರಿಂದ ನಷ್ಟ ಅನುಭವಿಸಿದ ದಕ್ಷಿಣದ ನಿವಾಸಿಗಳ ಪರಿಹಾರ ಕೋರಿಕೆಗಳನ್ನು 1871ರಲ್ಲಿ ರಚಿತವಾದ ಸದರ್ನ್ ಕ್ಲೇಮ್ಸ್ ಕಮಿಷನ್ ವಿಚಾರಿಸಿತು. ಇದಕ್ಕೆ 22,298 ಕೋರಿಕೆಗಳು ಸಲ್ಲಿಕೆಯಾದವು. ತಿರಸ್ಕೃತವಾದ ಕೋರಿಕೆಗಳ ಕಡತಗಳಲ್ಲಿಯೂ ನೆರೆಹೊರೆಯವರ ಹಾಗೂ ಹಿಂದೆ ಗುಲಾಮರಾಗಿದ್ದವರ ಹೇಳಿಕೆಗಳಿರಬಹುದಾದ್ದರಿಂದ ಅವುಗಳನ್ನೂ ಪರಿಶೀಲಿಸತಕ್ಕದ್ದು. ಕಾನ್ಫೆಡರೇಟ್ ಸೈನಿಕರಿಗೆ ಪಿಂಚಣಿ ನೀಡಿದ್ದು ರಾಜ್ಯ ಸರ್ಕಾರಗಳಾದ್ದರಿಂದ, ಅವುಗಳಿಗಾಗಿ ಸೈನಿಕನು ಪಿಂಚಣಿ ಕೋರಿದಾಗ ವಾಸವಿದ್ದ ರಾಜ್ಯಕ್ಕೆ ಅರ್ಜಿ ಸಲ್ಲಿಸುವುದು.

7. ಅರ್ಜಿದಾರರ ಗಮನಕ್ಕೆ

- ಪೂರ್ವಜರ ಹೆಸರಿನ ಎಲ್ಲಾ ಸಂಭವನೀಯ ಕಾಗುಣಿತಗಳು, ಕೌಂಟಿ, ರಾಜ್ಯ ಮತ್ತು ಅಂದಾಜು ಅವಧಿಯನ್ನು ಅರ್ಜಿಯಲ್ಲಿ ನಮೂದಿಸುವುದು.
- ಕೌಂಟಿಗಳು ಹಲವು ಬಾರಿ ವಿಭಜನೆಯಾಗಿರುವುದರಿಂದ ಮೂಲ ಕೌಂಟಿಯ ದಾಖಲೆಗಳನ್ನೂ ಪರಿಶೀಲಿಸುವುದು.
- ನ್ಯಾಯಾಲಯದ ಕಟ್ಟಡ ಸುಟ್ಟುಹೋಗಿದ್ದಲ್ಲಿ, ಮರುನೋಂದಣಿಯಾದ ಕ್ರಯಪತ್ರಗಳ ಬಗ್ಗೆ ವಿಚಾರಿಸುವುದು.
- ಜನಗಣತಿ ಹಾಳೆಯಲ್ಲಿ ಪೂರ್ವಜರ ಹಿಂದು ಮುಂದಿನ ಮನೆಗಳವರ ಹೆಸರುಗಳನ್ನೂ ಬರೆದಿಟ್ಟುಕೊಳ್ಳುವುದು. ಬಂಧುಗಳು, ಸಾಕ್ಷಿದಾರರು ಮತ್ತು ಹಿಂದಿನ ಮಾಲೀಕರು ಅನೇಕ ವೇಳೆ ಅಲ್ಲಿಯೇ ಕಂಡುಬರುತ್ತಾರೆ.
- ನಕಲು ಶುಲ್ಕವು ಕಚೇರಿಯಿಂದ ಕಚೇರಿಗೆ ಭಿನ್ನವಾಗಿರುವುದರಿಂದ ಮುಂಚಿತವಾಗಿ ವಿಚಾರಿಸಿಕೊಳ್ಳುವುದು.

ಒಂದು ಕಚೇರಿಯಿಂದ "ದಾಖಲೆ ಲಭ್ಯವಿಲ್ಲ" ಎಂಬ ಉತ್ತರ ಬಂದಲ್ಲಿ, ಅದು ಆ ಕಚೇರಿಯ ಆ ದಾಖಲೆಗೆ ಮಾತ್ರ ಸೀಮಿತವಾದುದೆಂದು ತಿಳಿದು, ಮೇಲ್ಕಂಡ ಇತರೆ ದಾಖಲೆಗಳಲ್ಲಿ ಶೋಧನೆಯನ್ನು ಮುಂದುವರಿಸತಕ್ಕದ್ದು.