ಕೈಯಿಂದ ಯಂತ್ರಕ್ಕೆ ದಾಟಿದ ಉಳಿ: ಲೇತ್‌ನ ಚರಿತ್ರೆ

ಲೋಹವನ್ನು ಎರಕ ಹೊಯ್ದು ಅಥವಾ ಕುಲುಮೆಯಲ್ಲಿ ಕಾಯಿಸಿ ಬಡಿದು ಬೇಕಾದ ಆಕಾರಕ್ಕೆ ತರುವ ವಿದ್ಯೆ ಸಾವಿರಾರು ವರ್ಷ ಹಳೆಯದು. ಆದರೆ ಗಟ್ಟಿ ಲೋಹದ ಮೈಯಿಂದ ತೆಳುವಾದ ಸಿಪ್ಪೆಯನ್ನು ಎಬ್ಬಿಸುತ್ತ ಅದನ್ನು ಕರಾರುವಾಕ್ಕಾದ ಅಳತೆಗೆ ಇಳಿಸುವ ಕೆಲಸ, ಅಂದರೆ ಇಂದಿನ ಕಾರ್ಖಾನೆಗಳಲ್ಲಿ ಮೆಷಿನಿಂಗ್ ಎನಿಸಿಕೊಂಡಿರುವುದು, ಒಂದು ಉದ್ಯಮವಾಗಿ ಬೆಳೆದದ್ದು ಕಳೆದ ಇನ್ನೂರೈವತ್ತು ವರ್ಷಗಳಲ್ಲಿ. ಇದರ ಮೂಲಯಂತ್ರ ಲೇತ್. ಇದರಲ್ಲಿ ಕಡೆಯಬೇಕಾದ ವಸ್ತು, ಕಾರ್ಮಿಕರ ಮಾತಿನಲ್ಲಿ ಜಾಬ್, ಚಕ್ ಎಂಬ ಹಿಡಿಕೆಯಲ್ಲಿ ಸಿಕ್ಕಿ ತಿರುಗುತ್ತದೆ. ಉಳಿ, ಅಂದರೆ ಟೂಲ್, ಅದಕ್ಕೆ ತಾಗಿ ಸರಿಯುತ್ತದೆ.

ಈ ತತ್ತ್ವವೇನೋ ಪ್ರಾಚೀನವಾದದ್ದೇ. ಚನ್ನಪಟ್ಟಣದ ಬೊಂಬೆಗಳನ್ನು ಹಾಲೆ ಮರದಿಂದ ಕಡೆಯುವುದು ಹೀಗೆಯೇ. ಹೊಯ್ಸಳ ದೇವಾಲಯಗಳ ಬಳಪದ ಕಲ್ಲಿನ ಕಂಬಗಳಲ್ಲಿ ಬಳೆ ತೊಡಿಸಿದಂತೆ ಕಾಣುವ ಸುತ್ತುಗಳೂ ತಿರುಗಣೆಯಲ್ಲಿಯೇ ಮೂಡಿದವೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಆದರೆ ಮರವೂ ಬಳಪದ ಕಲ್ಲೂ ಮೆದುವಾದ್ದರಿಂದ ಕೈಯಲ್ಲಿ ಹಿಡಿದ ಉಳಿಗೆ ಬಗ್ಗುತ್ತವೆ. ಕಬ್ಬಿಣ ಹಾಗೆ ಬಗ್ಗುವುದಿಲ್ಲ. ಅದರ ಎದುರು ಎಂಥ ನುರಿತ ಕೈಯೂ ಅದುರುತ್ತದೆ.

ಈ ಕೊರತೆ ಎದ್ದು ಕಂಡದ್ದು ಉಗಿಯಂತ್ರದ ವಿಷಯದಲ್ಲಿ. ಜೇಮ್ಸ್ ವಾಟ್ 1769ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದರೂ ಉಗಿ ಸೋರದಷ್ಟು ದುಂಡಗಿನ ಸಿಲಿಂಡರನ್ನು ಕೊರೆದುಕೊಡುವವರು ದೊರೆಯದೆ ಅದು ವರ್ಷಗಳ ಕಾಲ ಬಳಕೆಗೆ ಬರಲಿಲ್ಲ. ಆಗಿನ ಕೊರೆಯುವ ದಂಡಕ್ಕೆ ಒಂದೇ ತುದಿಯಲ್ಲಿ ಆಧಾರವಿದ್ದುದರಿಂದ ಎರಕದ ರಂಧ್ರ ಎತ್ತ ಸೊಟ್ಟಗಿತ್ತೋ ಉಳಿಯೂ ಅತ್ತಲೇ ವಾಲುತ್ತಿತ್ತು. ಫಿರಂಗಿ ಕೊರೆಯುವುದರಲ್ಲಿ ಪಳಗಿದ್ದ ಜಾನ್ ವಿಲ್ಕಿನ್ಸನ್ 1775ರ ಸುಮಾರಿಗೆ ದಂಡವನ್ನು ಸಿಲಿಂಡರಿನ ಉದ್ದಕ್ಕೂ ಹಾಯಿಸಿ ಎರಡೂ ತುದಿಗಳಲ್ಲಿ ಆಧಾರ ಕೊಟ್ಟನು. ಒಳಮೈಯನ್ನು ಹೀಗೆ ಕಡೆದು ಅಗಲಿಸುವ ಕ್ರಿಯೆಯೇ ಬೋರಿಂಗ್. ವಾಟ್‌ನ ಕೀರ್ತಿಯಲ್ಲಿ ವಿಲ್ಕಿನ್ಸನ್‌ಗೆ ಸಲ್ಲಬೇಕಾದ ಪಾಲು ಪೂರ್ತಿ ಸಂದಿಲ್ಲ.

ಉಳಿಯನ್ನು ಕೈಯಿಂದ ಬಿಡಿಸಿ ಯಂತ್ರಕ್ಕೆ ಒಪ್ಪಿಸಿದ ಕೆಲಸದಲ್ಲಿ ಹೆನ್ರಿ ಮಾಡ್ಸ್ಲೇಯ ಹೆಸರು ದೊಡ್ಡದು. ಬೀಗ ತಯಾರಕ ಜೋಸೆಫ್ ಬ್ರಾಮಾನ ಬಳಿ ದುಡಿಯುತ್ತಿದ್ದ ಈತ ಸಂಬಳ ಹೆಚ್ಚಿಸಲು ಕೇಳಿ, ಅದು ಸಿಗದೆ 1797ರಲ್ಲಿ ಲಂಡನ್ನಿನಲ್ಲಿ ಸ್ವಂತ ಕಾರ್ಯಾಗಾರ ತೆರೆದನು. ಅವನ ಲೇತ್‌ನಲ್ಲಿ ಟೂಲ್ ಕುಳಿತಿದ್ದ ಗಾಡಿಯು ನೇರವಾದ ಹಳಿಗಳ ಮೇಲೆ ಸರಿಯುತ್ತಿತ್ತು, ಆ ಗಾಡಿಯನ್ನು ಎಳೆಯುತ್ತಿದ್ದುದು ಲೀಡ್ ಸ್ಕ್ರೂ ಎಂಬ ಉದ್ದನೆಯ ತಿರುಪು, ತಿರುಪಿಗೂ ಜಾಬ್‌ಗೂ ನಡುವೆ ಹಲ್ಲಿನ ಗಾಲಿಗಳ ಸಂಬಂಧವಿತ್ತು. ಜಾಬ್ ಒಂದು ಸುತ್ತು ಹಾಕುವಷ್ಟರಲ್ಲಿ ಟೂಲ್ ಗೊತ್ತಾದ ದೂರವನ್ನಷ್ಟೇ ಕ್ರಮಿಸುತ್ತಿದ್ದುದರಿಂದ ಲೋಹದ ಮೈಮೇಲೆ ಸಮನಾದ ಸುರುಳಿ ಬೀಳುತ್ತಿತ್ತು. ಗಾಲಿ ಬದಲಿಸಿದರೆ ಸುರುಳಿಯ ಅಂತರವೂ ಬದಲಾಗುತ್ತಿತ್ತು. ಈ ಒಂದೊಂದು ಅಂಗವನ್ನೂ ಅವನಿಗಿಂತ ಮೊದಲೇ ಬೇರೆ ಬೇರೆಯವರು ಪ್ರಯತ್ನಿಸಿದ್ದರು. ಅವನ್ನು ಲೋಹದ ಗಟ್ಟಿ ಚೌಕಟ್ಟಿನಲ್ಲಿ ಒಗ್ಗೂಡಿಸಿ ದಿನನಿತ್ಯದ ದುಡಿಮೆಗೆ ಹಚ್ಚಿದ್ದು ಮಾಡ್ಸ್ಲೇಯ ಹೆಚ್ಚುಗಾರಿಕೆ.

ಹಳಿಯೇ ಸಮತಟ್ಟಾಗಿಲ್ಲದಿದ್ದರೆ ಟೂಲ್ ನೇರವಾಗಿ ಸಾಗುವುದು ಹೇಗೆ? ಮಾಡ್ಸ್ಲೇಯ ಕಾರ್ಯಾಗಾರದಲ್ಲಿ ಪಳಗಿದ ಜೋಸೆಫ್ ವಿಟ್ವರ್ತ್ ಇದಕ್ಕೆ ಕಂಡ ಉಪಾಯವನ್ನು 1840ರಲ್ಲಿ ಗ್ಲಾಸ್ಗೋದ ವಿಜ್ಞಾನಿಗಳ ಸಭೆಯಲ್ಲಿ ವಿವರಿಸಿದನು. ಎರಡು ಫಲಕಗಳು ಒಂದಕ್ಕೊಂದು ಸರಿಯಾಗಿ ಕೂತರೂ ಒಂದು ತಗ್ಗಾಗಿ ಇನ್ನೊಂದು ಉಬ್ಬಾಗಿರಬಹುದು. ಆದರೆ ಮೂರು ಫಲಕಗಳಲ್ಲಿ ಯಾವ ಎರಡನ್ನು ಜೋಡಿಸಿದರೂ ಕೂಡುವುದಾದರೆ ಮೂರೂ ಸಮತಟ್ಟಾಗಿರಲೇಬೇಕು. ಒಂದಕ್ಕೆ ಬಣ್ಣ ಸವರಿ ಇನ್ನೊಂದರ ಮೇಲೆ ಉಜ್ಜಿ, ಬಣ್ಣ ಹತ್ತಿದ ಉಬ್ಬುಗಳನ್ನಷ್ಟೇ ಸ್ಕ್ರೇಪರ್ ಎಂಬ ಹರಿತವಾದ ಪಟ್ಟಿಯಿಂದ ಹೆರೆಯುತ್ತ ಹೋಗಬೇಕು. ಯಂತ್ರದ ನಿಖರತೆಯ ತಳದಲ್ಲಿ ಇದ್ದದ್ದು ಹೀಗೆ ಮತ್ತೆ ಮನುಷ್ಯನ ಕೈಯೇ. ಇದೇ ವಿಟ್ವರ್ತ್ 1841ರಲ್ಲಿ ತಿರುಪಿನ ಸುರುಳಿಗೆ 55 ಡಿಗ್ರಿ ಕೋನವನ್ನು ಗೊತ್ತುಪಡಿಸಿದ ಮೇಲೆ ಒಂದು ಕಾರ್ಖಾನೆಯ ನಟ್ಟು ಇನ್ನೊಂದರ ಬೋಲ್ಟಿಗೆ ಹೊಂದುವ ದಾರಿ ತೆರೆಯಿತು.

ಜಾಬ್ ನಿಂತಿದ್ದು ಟೂಲ್ ಹಿಂದೆಮುಂದೆ ಚಲಿಸುವ ಶೇಪಿಂಗ್, ಹಲವು ಹಲ್ಲುಗಳ ಚಕ್ರ ತಿರುಗುತ್ತ ಕೊರೆಯುವ ಮಿಲ್ಲಿಂಗ್, ಸಾಣೆಚಕ್ರದಿಂದ ಮೈ ನುಣುಪುಗೊಳಿಸುವ ಗ್ರೈಂಡಿಂಗ್ ಯಂತ್ರಗಳು ಆ ಶತಮಾನದಲ್ಲಿಯೇ ರೂಪುಗೊಂಡವು. ಕೊರತೆ ಉಳಿದದ್ದು ಟೂಲ್‌ನ ಉಕ್ಕಿನಲ್ಲಿ: ವೇಗ ಹೆಚ್ಚಿದರೆ ಅದು ಕಾದು ಮೆತ್ತಗಾಗುತ್ತಿತ್ತು. ಅಮೆರಿಕದ ಟೇಲರ್ ಮತ್ತು ವೈಟ್ ರೂಪಿಸಿದ ಹೈಸ್ಪೀಡ್ ಉಕ್ಕನ್ನು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಕಂಡವರು, ತುದಿ ಕೆಂಪಗೆ ಕಾದಿದ್ದರೂ ಟೂಲ್ ಕೊರೆಯುತ್ತಲೇ ಇರುವುದನ್ನು ನೋಡಿ ಬೆರಗಾದರು.

ಕರ್ನಾಟಕದಲ್ಲಿ ಲೇತ್ ಎಂದೊಡನೆ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ನೆರವಿನಿಂದ 1953ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಮೆಷಿನ್ ಟೂಲ್ಸ್, ಅಂದರೆ ಎಚ್.ಎಂ.ಟಿ., ನೆನಪಾಗುವುದು ಸಹಜ. ಆದರೆ ನಾಡಿನ ಯಂತ್ರೋಪಕರಣ ಉದ್ಯಮದ ಚರಿತ್ರೆಯನ್ನು ಅಲ್ಲಿಂದ ಆರಂಭಿಸುವುದು ಸರಿಯಲ್ಲ, ಏಕೆಂದರೆ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆ ಅದಕ್ಕಿಂತ ಹನ್ನೆರಡು ವರ್ಷ ಮೊದಲೇ, 1941ರಲ್ಲಿ, ಆರಂಭವಾಗಿತ್ತು.